ಒಣ ವಸಂತವೂ ಕಾಡುಗಿಚ್ಚೂ

ಮಾಘವು ಕಳೆದು ಫಾಲ್ಗುಣ ಮಾಸವು ಅರ್ಧಕ್ಕೆ ಬಂದಾಗ, ರಾಣೆಬೆನ್ನೂರಿನಿಂದ ಮೂಡಣ ದಿಕ್ಕಿಗೆ ಹೊರಟು ಮೇಡ್ಲೇರಿಯ ದಾರಿಯನ್ನು ಹಿಡಿದವರಿಗೆ ನಾಡು ತನ್ನ ಬಣ್ಣವನ್ನೆಲ್ಲ ಕಳೆದುಕೊಂಡಂತೆ ತೋರುತ್ತದೆ. ಗೋವಿನಜೋಳದ ಹೊಲಗಳಲ್ಲಿ ಒಣಗಿದ ಕೂಳೆ ಮಾತ್ರ ಉಳಿದಿರುತ್ತದೆ. ಎರೆಯ ನೆಲವು ಬಿರುಕು ಬಿಟ್ಟಿರುತ್ತದೆ. ಊರ ಹೊರಗಿನ ಕಣಗಳಲ್ಲಿ ದನಗಳ ವರ್ಷದ ಮೇವೆಲ್ಲವೂ ಬಣವೆಯಾಗಿ ನಿಂತಿರುತ್ತದೆ. ಗೋಮಾಳದ ಹುಲ್ಲನ್ನು ಕೈಯಲ್ಲಿ ಹಿಡಿದು ಹಿಸುಕಿದರೆ ಪುಡಿಯಾಗುತ್ತದೆ. ಊರಿನಾಚೆಗೆ ತುಂಗಭದ್ರೆಯು ಮರಳಿನ ನಡುವೆ ಸಣ್ಣ ಎಳೆಯಾಗಿ ಹರಿಯುತ್ತಾಳೆ. ಇಂಥ ವೇಳೆಯಲ್ಲಿ ಆ ಕಡೆಯ ರೈತನು ಎರಡು ಕಾರಣಗಳಿಗಾಗಿ ತಲೆಯೆತ್ತಿ ದಿಗಂತವನ್ನು ನೋಡುತ್ತಾನೆ: ಮೋಡವಿದೆಯೆ ಎಂದು ಒಮ್ಮೆ, ಹೊಗೆಯಿದೆಯೆ ಎಂದು ಇನ್ನೊಮ್ಮೆ.

ಇಂದಿನ ಭಾಷಣದಲ್ಲಿ ನಾವು ಈ ಹೊಗೆಯ ಚರಿತ್ರೆಯನ್ನು ವಿಚಾರ ಮಾಡಬೇಕೆಂದಿದ್ದೇವೆ. ಬೆಂಕಿಗೂ ಚರಿತ್ರೆಯುಂಟೆ ಎಂದು ಕೆಲವರು ಕೇಳಬಹುದು. ನಮ್ಮ ಬಯಲುಸೀಮೆಯ ಕಾಡು ಕುರುಚಲುಗಳಲ್ಲಿ ಬೇಸಗೆಯ ಬೆಂಕಿಯು ತಾನಾಗಿ ಹುಟ್ಟುವುದು ಬಹು ಅಪೂರ್ವ. ಸಿಡಿಲು ಸಾಮಾನ್ಯವಾಗಿ ಮಳೆಯನ್ನು ಕರೆದುಕೊಂಡೇ ಬರುತ್ತದೆ. ಮಾಘ ಫಾಲ್ಗುಣಗಳಲ್ಲಿ ಸಿಡಿಲೂ ಇಲ್ಲ, ಮಳೆಯೂ ಇಲ್ಲ. ಆದುದರಿಂದ ಆ ದಿನಗಳ ಹೆಚ್ಚುಕಡಮೆ ಪ್ರತಿಯೊಂದು ಬೆಂಕಿಯ ಹಿಂದೆಯೂ ಮನುಷ್ಯನ ಕೈಯಿರುತ್ತದೆ. ಬದುವಿನ ಕಸವನ್ನು ಸುಡುವವನ ಕೈ, ಸೇದಿದ ಬೀಡಿಯನ್ನು ಎಸೆಯುವವನ ಕೈ, ಜೇನು ಬಿಡಿಸುವವನ ಕೈ, ಎಳೆಯ ಹುಲ್ಲು ಚಿಗುರಲಿ ಎಂದು ಕಡ್ಡಿ ಗೀರುವವನ ಕೈ. ಮನುಷ್ಯನ ಕೈಯಿರುವಲ್ಲಿ ಅವನ ಕಟ್ಟುಕಟ್ಟಳೆ, ಅವನ ಸರ್ಕಾರ, ಅವನ ಜಗಳ ಇವೆಲ್ಲವೂ ಇರುತ್ತವೆ. ಬೆಂಕಿಯ ಚರಿತ್ರೆಯೆಂದರೆ ಇವುಗಳ ಚರಿತ್ರೆಯೇ.

ಮೊದಲು ಒಣ ವಸಂತದ ಮಾತನ್ನು ಹೇಳೋಣ. ನಮ್ಮ ರೈತರ ಪಂಚಾಂಗವು ಮಳೆಗೆ ನಕ್ಷತ್ರಗಳ ಹೆಸರಿಟ್ಟು ಕರೆಯುವುದಷ್ಟೆ. ಏಪ್ರಿಲ್ ತಿಂಗಳ ನಡುವಿನಲ್ಲಿ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇ ತಿಂಗಳ ನಡುವಿಗೆ ಕೃತ್ತಿಕೆ. ಭರಣಿ ಸುರಿದರೆ ಧರಣಿ ಬೆಳೆಯುತ್ತದೆ ಎಂಬ ಅರ್ಥದ ಮಾತು ಕನ್ನಡನಾಡಿನ ಎಲ್ಲ ಕಡೆಯಲ್ಲಿಯೂ ಇದೆ. ಈ ಮುಂಗಡ ಮಳೆಗಳು ಬಿತ್ತನೆಗೆ ಸಾಲುವಷ್ಟು ಬಾರದಿದ್ದರೂ ನೆಲದ ಬಿಸಿಯನ್ನು ಆರಿಸುತ್ತವೆ, ತರಗೆಲೆಯನ್ನು ನೆನೆಸುತ್ತವೆ, ಹುಲ್ಲಿನ ಬೇರಿಗೆ ಜೀವ ಕೊಡುತ್ತವೆ. ಇವು ತಪ್ಪಿದ ವರ್ಷದಲ್ಲಿ ಮಾಘದಲ್ಲಿ ಮೊದಲಾದ ಬೆಂಕಿಯ ಕಾಲವು ಜ್ಯೇಷ್ಠದ ತನಕ ಎಳೆಯುತ್ತದೆ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಗೊರವಯ್ಯನು ಬಿಲ್ಲನ್ನೇರಿ ಕಾರ್ಣಿಕ ನುಡಿಯುವಾಗ ಸಾವಿರಾರು ಜನರು ಉಸಿರು ಬಿಗಿಹಿಡಿದು ನಿಲ್ಲುವರು. ಅವನ ಒಂದು ವಾಕ್ಯದಿಂದ ಮಳೆ ಬೆಳೆಗಳ ಸೂಚನೆಯನ್ನು ಹೆಕ್ಕಿಕೊಳ್ಳಬೇಕೆಂಬ ಆತುರವೇ ಅದಕ್ಕೆ ಕಾರಣ. ಮಳೆಯ ಚಿಂತೆಯು ಈ ಸೀಮೆಯಲ್ಲಿ ದೇವರ ಗುಡಿಯವರೆಗೂ ಹೋಗಿದೆ.

ಈ ಚಿಂತೆಗೆ ಆಧಾರವಿಲ್ಲದೆ ಇಲ್ಲ. 1791–92ರ ಡೋಗಿ ಬರದ ಹೆಸರೇ ತಲೆಬುರುಡೆಗಳ ನೆನಪನ್ನು ಉಳಿಸಿಕೊಂಡು ಬಂದಿದೆ. 1876ರಿಂದ 1878ರ ತನಕ ನಡೆದ ಮಹಾಕ್ಷಾಮವು ತುಂಗಭದ್ರೆಯ ಎರಡು ದಡಗಳನ್ನೂ ಬರಿದುಮಾಡಿತು. 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆ ವರ್ಷಗಳಲ್ಲಿ ಶಾಂತಸಾಗರದ ನೀರು ಅಸಾಧಾರಣವಾಗಿ ಬಿಸಿಯೇರಿತ್ತೆಂದೂ, ಅದರಿಂದ ನಮ್ಮ ಮುಂಗಾರು ಕೆಟ್ಟಿತೆಂದೂ ಈಗಿನ ವಿಜ್ಞಾನಿಗಳು ಹೇಳುತ್ತಾರೆ. ಎಲ್ ನಿನೋ ಎಂಬ ಹೆಸರಿನ ಆ ವ್ಯಾಪಾರವೇ 2023ರಲ್ಲಿ ಮರಳಿ ಬಂದಾಗ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದುವು. ಮರುವರ್ಷದ ವಸಂತದಲ್ಲಿ ಬೆಂಗಳೂರಿನಂಥ ನಗರವೇ ನೀರಿಗಾಗಿ ಬಾಯಿ ಬಿಟ್ಟಿತು. ಒಣ ವಸಂತವು ನಮಗೆ ಹೊಸದಲ್ಲ. ಇನ್ನು ಮುಂದೆ ಅಪರೂಪವಾಗುವಂತೆಯೂ ಕಾಣುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮಳೆ ಕಡಮೆಯಾದ ವರ್ಷದಲ್ಲಿ ಮಾತ್ರ ಬೆಂಕಿ ಹೆಚ್ಚು ಎಂದು ತಿಳಿಯುವುದು ಪೂರ್ತಿ ಸರಿಯಲ್ಲ. ಪೂರ್ತಿ ಬರ ಬಿದ್ದ ವರ್ಷ ಬಯಲಿನ ಹುಲ್ಲು ಮೊಳಕಾಲೆತ್ತರವೂ ಬೆಳೆಯುವುದಿಲ್ಲ, ಬೆಳೆದಷ್ಟನ್ನೂ ದನಕುರಿಗಳು ಮೇದುಬಿಡುತ್ತವೆ. ಮುಂಗಾರು ಚೆನ್ನಾಗಿ ಬಂದು ಹುಲ್ಲು ಸೊಂಟದೆತ್ತರ ಬೆಳೆದು, ಆಮೇಲೆ ಹಿಂಗಾರು ಕೈಕೊಟ್ಟು, ವಸಂತವು ಒಣಗಿ ನಿಂತ ವರ್ಷ ಬಯಲಿಗೆ ಬಹು ಅಪಾಯದ ವರ್ಷ. ಸಮೃದ್ಧಿಯೇ ಅಲ್ಲಿ ಉರುವಲಾಗುತ್ತದೆ. ಆದುದರಿಂದ ಒಳ್ಳೆಯ ಮಳೆ ಬಂದಿತೆಂದು ನಿಶ್ಚಿಂತರಾಗುವ ಹಾಗಿಲ್ಲ.

ಹಾಗಾದರೆ ನಮ್ಮ ಹಿರಿಯರು ಬೆಂಕಿಯೊಡನೆ ಹೇಗೆ ಬಾಳಿದರು? ಕಾಡಿನ ಬೆಂಕಿಯ ಚಿತ್ರವು ಕನ್ನಡ ಕಾವ್ಯಕ್ಕೆ ಹೊಸದಲ್ಲ. ಹತ್ತನೆಯ ಶತಮಾನದ ಪಂಪನೂ, ಅವನಿಗೆ ಬಹುಕಾಲದ ತರುವಾಯ ಗದುಗಿನ ಕುಮಾರವ್ಯಾಸನೂ ಖಾಂಡವ ವನದ ದಹನವನ್ನು ವರ್ಣಿಸಿದ್ದಾರೆ. ಜನರ ಹಬ್ಬಗಳಲ್ಲಿಯೂ ಬೆಂಕಿಯುಂಟು. ಫಾಲ್ಗುಣದ ಹುಣ್ಣಿಮೆಯಲ್ಲಿ, ಎಂದರೆ ನಾಡು ಒಣಗಿ ನಿಂತ ಹೊತ್ತಿನಲ್ಲಿಯೇ, ಹಾವೇರಿ ರಾಣೆಬೆನ್ನೂರುಗಳ ಬೀದಿಬೀದಿಗಳಲ್ಲಿ ಹುಡುಗರು ಕಟ್ಟಿಗೆ ಕುಳ್ಳುಗಳನ್ನು ಒಟ್ಟಿ ಕಾಮನನ್ನು ಸುಡುತ್ತಾರೆ. ಬೆಂಕಿಗೆ ಒಂದು ದಿನ, ಒಂದು ಜಾಗ, ಒಂದು ಮೇರೆ ಗೊತ್ತುಮಾಡಿ, ಊರೆಲ್ಲ ನಿಂತು ನೋಡುವಂತೆ ಅದನ್ನು ಹೊತ್ತಿಸುವ ಪದ್ಧತಿಯಿದು.

ಬೇಸಾಯದಲ್ಲಿಯೂ ಇದೇ ರೀತಿ. 1800–01ರಲ್ಲಿ ಮೈಸೂರು, ಕನ್ನಡ, ಮಲಬಾರು ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಕಾಡಿನ ತುಣುಕನ್ನು ಕಡಿದು, ಒಣಗಿಸಿ, ಸುಟ್ಟು, ಬೂದಿಯಲ್ಲಿ ಬಿತ್ತುವ ಬೇಸಾಯವನ್ನು ತನ್ನ ಗ್ರಂಥದಲ್ಲಿ ಬರೆದಿಟ್ಟಿದ್ದಾನೆ. ಘಟ್ಟದ ಸೀಮೆಯಲ್ಲಿ ಇದನ್ನು ಕುಮರಿ ಎನ್ನುವರು. ಬಯಲುಸೀಮೆಯಲ್ಲಿ ಕುಮರಿಯಿಲ್ಲದಿದ್ದರೂ ಹುಲ್ಲು ಸುಡುವ ವಾಡಿಕೆಯಿತ್ತು. ದನಗಾರರೂ ಕುರಿಗಾರರೂ ಒಣಹುಲ್ಲನ್ನು ಅಲ್ಲಲ್ಲಿ ಸುಟ್ಟು ಹೊಸ ಚಿಗುರನ್ನು ಪಡೆಯುತ್ತಿದ್ದರು.

ಈ ವಾಡಿಕೆಯಲ್ಲಿ ಅಡಗಿದ್ದ ತಿಳಿವಳಿಕೆಯು ನಮಗೆ ಪುಸ್ತಕದಿಂದ ದೊರೆಯಲಿಲ್ಲ. ಕೆಲವು ವರ್ಷಗಳ ಹಿಂದೆ ನಾವು ವಿದ್ಯಾರ್ಥಿಗಳೊಡನೆ ಮೇಡ್ಲೇರಿಯ ಕಡೆಗೆ ಹೋಗಿದ್ದಾಗ, ಕುರಿಹಿಂಡಿನೊಡನೆ ಬೇವಿನ ಮರದ ನೆರಳಿನಲ್ಲಿ ಕುಳಿತಿದ್ದ ಮುದುಕರೊಬ್ಬರನ್ನು ಮಾತನಾಡಿಸಿದೆವು. “ಯಜಮಾನರೇ, ಹುಲ್ಲಿಗೆ ಬೆಂಕಿ ಹಚ್ಚುವುದು ತಪ್ಪಲ್ಲವೆ?” ಎಂದು ಕೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ತಪ್ಪು ಅನ್ನೂದು ವ್ಯಾಳ್ಯಾದಾಗ ಐತ್ರಿ. ಮಂಜು ಬೀಳೂ ದಿನದಾಗ ಹಚ್ಚಿದ ಬೆಂಕಿ ರಾತ್ರಿ ತಾನ ಮಲಗತೈತ್ರಿ. ಶಿವರಾತ್ರಿ ಆದಮ್ಯಾಲೆ ಹಚ್ಚಿದ್ದು ಯಾರ ಮಾತೂ ಕೇಳಂಗಿಲ್ರಿ.”

ಅರಣ್ಯಶಾಸ್ತ್ರದ ಒಂದು ಅಧ್ಯಾಯವೇ ಈ ಮೂರು ವಾಕ್ಯಗಳಲ್ಲಿ ಅಡಗಿದೆ. ಪುಷ್ಯಮಾಸದ ಆಸುಪಾಸಿನಲ್ಲಿ ಹುಲ್ಲಿನ ಮೇಲ್ಭಾಗ ಒಣಗಿದ್ದರೂ ಬುಡದಲ್ಲಿ ತೇವವಿರುತ್ತದೆ. ರಾತ್ರಿಯಲ್ಲಿ ಇಬ್ಬನಿ ಬೀಳುತ್ತದೆ. ಗಾಳಿ ಮಂದವಾಗಿರುತ್ತದೆ. ಆಗ ಹೊತ್ತಿಕೊಂಡ ಬೆಂಕಿ ತಗ್ಗಾಗಿ, ತುಂಡುತುಂಡಾಗಿ ಉರಿದು, ಮರದ ತೊಗಟೆಯನ್ನು ಮುಟ್ಟಿದರೂ ತಿರುಳನ್ನು ಮುಟ್ಟುವುದಿಲ್ಲ. ಶಿವರಾತ್ರಿಗೆ ಚಳಿ ಹೋಗುತ್ತದೆಂದು ನಾವೆಲ್ಲ ಹೇಳುವುದುಂಟು. ಚಳಿಯೊಡನೆ ಇಬ್ಬನಿಯೂ ಹೋಗುತ್ತದೆ. ಎಲೆಯುದುರಿ ನೆಲದ ಮೇಲೆ ದಪ್ಪವಾದ ಹಾಸುಗೆಯಾಗುತ್ತದೆ. ಮಧ್ಯಾಹ್ನದ ಗಾಳಿ ಬೀಸತೊಡಗುತ್ತದೆ. ಆಗಿನ ಬೆಂಕಿ ರಾತ್ರಿಯಲ್ಲಿಯೂ ನಿಲ್ಲುವುದಿಲ್ಲ. ಪೊದೆಯಿಂದ ಪೊದೆಗೆ, ಪೊದೆಯಿಂದ ಮರದ ತಲೆಗೆ ಏರುತ್ತದೆ. ವಸ್ತು ಒಂದೇ, ನೆಲ ಒಂದೇ, ಬೆಂಕಿಯೂ ಒಂದೇ. ಕಾಲ ಮಾತ್ರ ಬೇರೆ. ಈ ಕಾಲಜ್ಞಾನವು ನಮ್ಮ ಕೈತಪ್ಪಿದ್ದು ಹೇಗೆಂಬುದೇ ನಾವು ಹೇಳಬೇಕಾದ ಕಥೆ.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ರೈಲುರಸ್ತೆ ಹಾಕುವುದಕ್ಕೂ ಹಡಗು ಕಟ್ಟುವುದಕ್ಕೂ ಮರ ಬೇಕಾದಾಗ ಇಂಗ್ಲಿಷರ ಸರ್ಕಾರವು ಕಾಡಿನ ಕಡೆಗೆ ತಿರುಗಿತು. 1856ರಲ್ಲಿ ಮದರಾಸು ಆಧಿಪತ್ಯದ ಅರಣ್ಯಾಧಿಕಾರಿಯಾಗಿ ನೇಮಕವಾದ ಹ್ಯೂ ಕ್ಲೆಗಾರ್ನ್ ಎಂಬ ಡಾಕ್ಟರು ಕುಮರಿಯನ್ನು ಕಾಡಿನ ದೊಡ್ಡ ಶತ್ರುವೆಂದು ಬಗೆದರು. 1860ರ ಸುಮಾರಿಗೆ ಅಪ್ಪಣೆಯಿಲ್ಲದೆ ಕುಮರಿ ಮಾಡುವುದಕ್ಕೆ ತಡೆ ಬಿತ್ತು. 1864ರಲ್ಲಿ ಮೈಸೂರಿನಲ್ಲಿಯೂ ಅರಣ್ಯ ಇಲಾಖೆ ಸ್ಥಾಪಿತವಾಯಿತು. ಅದೇ ವರ್ಷ ಜರ್ಮನಿಯ ಡೀಟ್ರಿಚ್ ಬ್ರಾಂಡಿಸ್ ಅವರು ಇಡೀ ಬ್ರಿಟಿಷ್ ಇಂಡಿಯದ ಅರಣ್ಯಗಳ ಮುಖ್ಯಾಧಿಕಾರಿಗಳಾದರು. ಮಧ್ಯಪ್ರಾಂತದ ಬೋರಿ ಎಂಬ ಕಾಡಿನಲ್ಲಿ ಬೆಂಕಿಯನ್ನು ಪೂರ್ತಿಯಾಗಿ ಹೊರಗಿಡುವ ಪ್ರಯೋಗ ಆ ದಶಕದಲ್ಲಿಯೇ ನಡೆದು, ಅದರ ಯಶಸ್ಸು ಇತರ ಕಡೆಗಳಿಗೂ ಮಾದರಿಯಾಯಿತು. ಮಳೆಯೂ ಚಳಿಯೂ ಹೆಚ್ಚಾದ ಯೂರೋಪಿನ ಕಾಡುಗಳನ್ನು ನೋಡಿ ಕಲಿತವರಿಗೆ ಬೆಂಕಿಯೆಂದರೆ ಕೇಡು ಎಂದೇ ತೋರಿದ್ದು ಸಹಜ.

1865ರಲ್ಲಿ ಮೊದಲನೆಯ ಅರಣ್ಯ ಕಾಯಿದೆಯೂ, 1878ರಲ್ಲಿ ಅದಕ್ಕಿಂತ ಬಿಗಿಯಾದ ಎರಡನೆಯದೂ, 1927ರಲ್ಲಿ ಮೂರನೆಯದೂ ಬಂದುವು. ಮೇಡ್ಲೇರಿಯು ಆಗ ಧಾರವಾಡ ಜಿಲ್ಲೆಗೆ ಸೇರಿ ಮುಂಬಯಿ ಆಧಿಪತ್ಯದಲ್ಲಿತ್ತು. ನದಿಯನ್ನು ದಾಟಿದರೆ ಮದರಾಸಿನ ಬಳ್ಳಾರಿ ಜಿಲ್ಲೆ; ಸ್ವಲ್ಪ ಮೇಲಕ್ಕೆ ಹರಿಹರಕ್ಕೆ ಹೋದರೆ ಮೈಸೂರು ಮಹಾರಾಜರ ಸಂಸ್ಥಾನ. ಒಂದೇ ಹೊಳೆಯ ಒಂದೇ ಬಗೆಯ ಹುಲ್ಲುಗಾವಲಿಗೆ ಮೂರು ಸರ್ಕಾರಗಳಿದ್ದುವು. ಆದರೆ ಬೆಂಕಿಯ ವಿಚಾರದಲ್ಲಿ ಮೂವರ ನೀತಿಯೂ ಮುಖ್ಯವಾಗಿ ಒಂದೇ ಆಗಿತ್ತು: ಸರ್ಕಾರದ ಕಾಡಿನಲ್ಲಿ ಕಡ್ಡಿ ಗೀರುವವನು ಅಪರಾಧಿ.

1927ರ ಕಾಯಿದೆಯ ಎರಡು ಕಲಮುಗಳನ್ನು ಜೊತೆಯಾಗಿ ಓದಿದರೆ ಒಂದು ವಿಷಯ ಹೊಳೆಯುತ್ತದೆ. 79ನೆಯ ಕಲಮಿನಂತೆ, ಕಾಡಿನಲ್ಲಿ ಮೇವು ಸೌದೆಗಳ ಹಕ್ಕುಳ್ಳ ಪ್ರತಿಯೊಬ್ಬನೂ ಬೆಂಕಿಯ ಸುದ್ದಿಯನ್ನು ಕೂಡಲೇ ಅಧಿಕಾರಿಗೆ ತಿಳಿಸಬೇಕು, ಆರಿಸಲು ನೆರವಾಗಬೇಕು. 26ನೆಯ ಕಲಮಿನಂತೆ, ಮೀಸಲು ಕಾಡಿನಲ್ಲಿ ಯಾರಾದರೂ ಬೇಕೆಂದು ಇಲ್ಲವೆ ಭಾರಿ ಅಲಕ್ಷ್ಯದಿಂದ ಬೆಂಕಿ ಹುಟ್ಟಿಸಿದರೆ, ತಪ್ಪಿತಸ್ಥನಿಗೆ ಶಿಕ್ಷೆಯಾಗಿದ್ದರೂ ಸರ್ಕಾರವು ಆ ಕಾಡಿನ ಮೇವಿನ ಹಕ್ಕುಗಳನ್ನೆಲ್ಲ ತನಗೆ ಇಷ್ಟಬಂದಷ್ಟು ಕಾಲ ನಿಲ್ಲಿಸಬಹುದು. ಒಬ್ಬನ ತಪ್ಪಿಗೆ ಊರ ದನಗಳೆಲ್ಲ ಉಪವಾಸ. ಇಂಥ ಕಟ್ಟಳೆಯ ಕೆಳಗೆ ದೂರದಲ್ಲಿ ಹೊಗೆಯನ್ನು ಕಂಡ ಬಡ ದನಗಾರನು ಏನು ಮಾಡಿಯಾನು? ಓಡಿಹೋಗಿ ಹೇಳುವುದಕ್ಕಿಂತ ಕಾಣದವನಂತೆ ಬೇರೆ ದಾರಿ ಹಿಡಿಯುವುದೇ ಅವನಿಗೆ ಕ್ಷೇಮವಾಗಿ ತೋರಬಹುದು. ಕಾಡಿಗೆ ನೂರು ಕಣ್ಣುಗಳ ಕಾವಲಿತ್ತು. ಕಾನೂನು ಆ ಕಣ್ಣುಗಳಿಗೆ ಮುಚ್ಚಿಕೊಳ್ಳಲು ಕಾರಣ ಕೊಟ್ಟಿತು.

ಈ ಅಸಮಾಧಾನವು ಒಳಗೊಳಗೆ ಉರಿದು 1930ರಲ್ಲಿ ಹೊರಕ್ಕೆ ಬಂದಿತು. ಬ್ಯಾಡಗಿಯ ಬಳಿಯ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರು ಗಾಂಧೀಜಿಯವರ ಜೊತೆಯಲ್ಲಿ ದಂಡಿಗೆ ನಡೆದದ್ದು ಆ ವರ್ಷವೇ. ಸಮುದ್ರತೀರದಲ್ಲಿ ಉಪ್ಪು ತೆಗೆದು ಕಾನೂನು ಮುರಿಯಬಹುದಾಗಿತ್ತು. ಸಮುದ್ರವಿಲ್ಲದ ಒಳನಾಡಿನವರು ಯಾವ ಕಾನೂನನ್ನು ಮುರಿಯಬೇಕು? ಅವರಿಗೆ ನಿತ್ಯವೂ ತೊಡರುತ್ತಿದ್ದುದು ಅರಣ್ಯದ ಕಾನೂನು. ಆದುದರಿಂದ ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳಲ್ಲಿ ಜನರು ಅರಣ್ಯ ಸತ್ಯಾಗ್ರಹವನ್ನು ಹೂಡಿ ಸೆರೆಮನೆಗಳನ್ನು ತುಂಬಿದರು. ಹುಲ್ಲು ಸೌದೆಗಳ ಪ್ರಶ್ನೆಯು ಸ್ವರಾಜ್ಯದ ಪ್ರಶ್ನೆಯಾಯಿತು. ಆದರೂ ಸ್ವರಾಜ್ಯವು ಬಂದ ಮೇಲೆ ಬೆಂಕಿಯ ನೀತಿಯು ಬಹಳವೇನೂ ಬದಲಾಗಲಿಲ್ಲ. 1956ರ ನವೆಂಬರ್ 1ರಂದು ನದಿಯ ಎರಡು ದಡಗಳೂ ಒಂದು ರಾಜ್ಯವಾದುವು. 1997ರಲ್ಲಿ ಹಾವೇರಿಯು ಪ್ರತ್ಯೇಕ ಜಿಲ್ಲೆಯಾಯಿತು. ಹಳೆಯ ನಿಷೇಧ ಮಾತ್ರ ಮುಂದುವರಿಯಿತು.

ನಿಷೇಧವು ತಪ್ಪೆಂದು ಹೇಳಿದವರು ಹಳ್ಳಿಗರು ಮಾತ್ರವಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿಯೇ ಬರ್ಮಾದ ತೇಗದ ಕಾಡುಗಳಲ್ಲಿ ಕೆಲಸ ಮಾಡಿದ ಅರಣ್ಯಾಧಿಕಾರಿಗಳು, ಬೆಂಕಿಯನ್ನು ಪೂರ್ತಿ ತಡೆದ ಕಡೆಗಳಲ್ಲಿ ತೇಗದ ಸಸಿ ಹುಟ್ಟುವುದು ಕಡಮೆಯಾಯಿತೆಂದು ವಾದಿಸಿದರು. ಅಮೆರಿಕದ ಅನುಭವ ಇನ್ನೂ ಸ್ಪಷ್ಟ. 1910ರಲ್ಲಿ ಐಡಹೊ, ಮೊಂಟಾನ ಪ್ರಾಂತಗಳಲ್ಲಿ ಸುಮಾರು 30 ಲಕ್ಷ ಎಕರೆ ಕಾಡು ಸುಟ್ಟುದನ್ನು ಕಂಡು ಬೆದರಿದ ಅಲ್ಲಿಯ ಅರಣ್ಯ ಇಲಾಖೆಯು, ಕಂಡ ಬೆಂಕಿಯನ್ನು ಮರುದಿನ ಬೆಳಗ್ಗೆ 10 ಗಂಟೆಯೊಳಗೆ ಆರಿಸಬೇಕೆಂದು 1935ರಲ್ಲಿ ಕಟ್ಟಪ್ಪಣೆ ಮಾಡಿತು. ಸಣ್ಣ ಬೆಂಕಿಗಳೆಲ್ಲ ಆರಿದುವು. ಕಾಡಿನ ನೆಲದಲ್ಲಿ ಕಸವು ವರ್ಷವರ್ಷಕ್ಕೂ ಬೆಳೆಯಿತು. ದೊಡ್ಡ ಬೆಂಕಿಗೆ ಮೇವು ಸಿದ್ಧವಾಯಿತು. 1970ರ ದಶಕದಲ್ಲಿ ಆ ಅಪ್ಪಣೆಯನ್ನು ಕೈಬಿಟ್ಟರು. ಆಸ್ಟ್ರೇಲಿಯದ ಉತ್ತರಭಾಗದ ಆರ್ನೆಮ್ ಸೀಮೆಯಲ್ಲಿ ಮೂಲನಿವಾಸಿಗಳ ಮುಂಗಡ ಬೆಂಕಿಯ ಪದ್ಧತಿಗೆ 2006ರಿಂದ ಕೂಲಿ ಕೊಟ್ಟು ಮತ್ತೆ ಜೀವ ಕೊಟ್ಟಿದ್ದಾರೆ.

ಅಷ್ಟು ದೂರ ಹೋಗಬೇಕಾಗಿಲ್ಲ. ನಮ್ಮ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ವರ್ಷದ ಮೊದಲ ತಿಂಗಳುಗಳಲ್ಲಿ ಉದುರೆಲೆಯನ್ನು ತಗ್ಗಾದ ಬೆಂಕಿಯಿಂದ ಸುಡುತ್ತಿದ್ದರು. ಅದಕ್ಕೆ ಅವರು ಇಟ್ಟ ಹೆಸರು ತರಗು ಬೆಂಕಿ. 1974ರಲ್ಲಿ ಆ ಬೆಟ್ಟವು ವನ್ಯಜೀವಿಧಾಮವಾದ ಬಳಿಕ ತರಗು ಬೆಂಕಿಯು ನಿಂತಿತು. ಅಲ್ಲಿಂದ ಮುಂದೆ ಲಂಟಾನದ ಪೊದೆ ಕಾಡನ್ನೆಲ್ಲ ಕವಿಯಿತೆಂದೂ, ನೆಲ್ಲಿಯ ಮರಗಳಿಗೆ ಬಂದಳಿಕೆ ಹತ್ತಿ ಅವು ಸೊರಗಿದುವೆಂದೂ ಸೋಲಿಗರ ಹಿರಿಯರು ಹೇಳುತ್ತಾರೆ. ಅವರ ಮಾತನ್ನು ವಿಜ್ಞಾನಿಗಳೂ ಕಿವಿಗೊಟ್ಟು ಕೇಳಿ ಪರೀಕ್ಷಿಸಿದ್ದಾರೆ. ಲಂಟಾನವು ಅಮೆರಿಕ ಖಂಡದಿಂದ ಅಲಂಕಾರಕ್ಕೆಂದು ತಂದ ಗಿಡ. ಬೇಸಗೆಯಲ್ಲಿ ಅದರ ಒಣಕಡ್ಡಿಗಳು ನೆಲದ ಬೆಂಕಿಯನ್ನು ಮರದ ಕೊಂಬೆಗೆ ಏರಿಸುವ ಏಣಿಯಾಗುತ್ತವೆ.

ಈ ಏಣಿಯನ್ನು ಬೆಂಕಿಯು ಹೇಗೆ ಹತ್ತುತ್ತದೆಂಬುದನ್ನು ಬಿಳಿಗಿರಿಯಿಂದ ಬಹುದೂರವಿಲ್ಲದ ಬಂಡೀಪುರವು 2019ರ ಫೆಬ್ರವರಿಯಲ್ಲಿ ತೋರಿಸಿಕೊಟ್ಟಿತು. 21ನೆಯ ತಾರೀಖಿನಲ್ಲಿ ಮೊದಲಾದ ಬೆಂಕಿ ನಾಲ್ಕೈದು ದಿನ ಉರಿದು, ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿಯಬೇಕಾಯಿತು. ಸುಟ್ಟ ಪ್ರದೇಶ ಸುಮಾರು 4,400 ಹೆಕ್ಟೇರು, ಎಂದರೆ ಸುಮಾರು 10,900 ಎಕರೆ. ಅದೇ ವಾರ, 23ನೆಯ ತಾರೀಖು, ಬೆಂಗಳೂರಿನ ಯಲಹಂಕದಲ್ಲಿ ವಿಮಾನಪ್ರದರ್ಶನಕ್ಕೆ ಬಂದವರ ಸುಮಾರು 300 ಕಾರುಗಳು ಒಣಹುಲ್ಲಿನ ಬಯಲಿನಲ್ಲಿ ನಿಂತಲ್ಲಿಯೇ ಸುಟ್ಟುಹೋದುವು. ಒಣ ವಸಂತಕ್ಕೆ ಕಾಡು ನಾಡೆಂಬ ಭೇದವಿಲ್ಲ. ಬೆಂಕಿಯನ್ನು ಎದುರಿಸಿ ನಿಂತವರ ನಷ್ಟವನ್ನು ಎಕರೆಗಳಲ್ಲಿ ಅಳೆಯಲಾಗದು. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿಯೂ, 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಡೆಯಲ್ಲಿಯೂ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರು ಪ್ರಾಣ ತೆತ್ತರು. ಹಸಿರು ಸೊಪ್ಪಿನ ಕೊಂಬೆಯನ್ನು ಹಿಡಿದು ಬೆಂಕಿಯನ್ನು ಬಡಿಯುವುದೇ ಇಂದಿಗೂ ನಮ್ಮ ಕಾವಲುಗಾರರ ಮುಖ್ಯ ಆಯುಧ.

ಇನ್ನು ಮೇಡ್ಲೇರಿಯ ಸೀಮೆಗೆ ಮರಳೋಣ. ರಾಣೆಬೆನ್ನೂರಿನ ಸುತ್ತಿನ 119 ಚದರ ಕಿಲೋಮೀಟರು ಪ್ರದೇಶವು 1974ರಲ್ಲಿ ಕೃಷ್ಣಮೃಗಗಳ ಧಾಮವಾಯಿತು. ಇದು ಮೂಲದಲ್ಲಿ ದಟ್ಟವಾದ ಕಾಡಲ್ಲ. ಹುಲ್ಲು, ಕುರುಚಲು, ಮುಳ್ಳುಗಿಡಗಳ ಬಯಲು. ಬಯಲೆಂದರೆ ಪಾಳು, ಪಾಳೆಂದರೆ ಮರ ನೆಡಬೇಕಾದ ಜಾಗ ಎಂದು ತಿಳಿದ ಕಾಲದಲ್ಲಿ ಇಲ್ಲಿ ನೀಲಗಿರಿಯ ತೋಪುಗಳನ್ನು ಬೆಳೆಸಿದರು. ಬಯಲನ್ನೇ ನಂಬಿದ ಎರೆಭೂತವೆಂಬ ದೊಡ್ಡ ಹಕ್ಕಿ ಒಮ್ಮೆ ಇಲ್ಲಿ ಕಾಣುತ್ತಿತ್ತು; ಈಚಿನ ವರ್ಷಗಳಲ್ಲಿ ನಮ್ಮ ರಾಜ್ಯದಲ್ಲಿ ಅದು ಬಳ್ಳಾರಿಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಮಾತ್ರ ಕಂಡುಬಂದಿದೆ. ಬೆಂಕಿಯ ದೃಷ್ಟಿಯಿಂದಲೂ ಈ ಬದಲಾವಣೆ ಸಣ್ಣದಲ್ಲ. ಹುಲ್ಲು ಬೇಗ ಉರಿದು ಬೇಗ ಆರುತ್ತದೆ. ಅದರ ಬೇರು ನೆಲದೊಳಗೆ ಬದುಕಿದ್ದು ಮೊದಲ ಮಳೆಗೆ ಚಿಗುರುತ್ತದೆ. ನೀಲಗಿರಿಯ ಎಲೆಯಲ್ಲಿ ಎಣ್ಣೆಯಿದೆ; ತೋಪಿನ ಕೆಳಗೆ ಒಣಗಿದ ಎಲೆ ತೊಗಟೆಗಳ ರಾಶಿಯಿದೆ. 2017ರಲ್ಲಿ ಕರ್ನಾಟಕ ಸರ್ಕಾರವು ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಇಲ್ಲಿ ಹೊತ್ತಿದ ಕಿಡಿ ಕೃಷ್ಣಮೃಗದ ಮೇವನ್ನು ಸುಟ್ಟು ಸುಮ್ಮನಾಗುವುದಿಲ್ಲ. ಗಾಳಿ ತಿರುಗಿದರೆ ಊರ ಕಣದ ಬಣವೆಗೆ ಹಾರುತ್ತದೆ. ಎರಡು ಎತ್ತುಗಳನ್ನು ಕಟ್ಟಿಕೊಂಡ ರೈತನಿಗೆ ಬಣವೆ ಸುಟ್ಟರೆ ಬಿತ್ತನೆಯ ಮುಂಚೆಯೇ ಎತ್ತು ಮಾರುವ ಗತಿ ಬರುತ್ತದೆ. ಬೆಂಕಿ ಹೊಲದಿಂದ ಕಾಡಿಗೆ ಹೋಗುವುದೂ ಉಂಟು. ಗೋವಿನಜೋಳದ ದಂಟನ್ನು ಹೊಲದಲ್ಲಿಯೇ ಸುಡುವ ಅಭ್ಯಾಸ ಈಚೆಗೆ ಹೆಚ್ಚಿದೆ. ಆದುದರಿಂದ ತಪ್ಪನ್ನೆಲ್ಲ ಇಲಾಖೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಎಲ್ಲ ಬೆಂಕಿಯೂ ಒಳ್ಳೆಯದೆಂದು ಹೇಳುವುದೂ ನ್ಯಾಯವಲ್ಲ. ವರ್ಷವರ್ಷವೂ ಸುಡುವ ನೆಲ ಬಡವಾಗುತ್ತದೆ. ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳೂ ಹಲ್ಲಿ ಓತಿಗಳೂ ಸಾಯುತ್ತವೆ.

ಹಾಗಾದರೆ ಮಾಡಬೇಕಾದುದೇನು? ಈಗ ಬೆಂಕಿಯನ್ನು ಆಕಾಶದಿಂದಲೇ ಕಾಣುವ ಉಪಗ್ರಹಗಳಿವೆ. ಭಾರತದ ಅರಣ್ಯ ಸರ್ವೇಕ್ಷಣ ಸಂಸ್ಥೆಯು 2004ರಿಂದ ಅವುಗಳ ಸುದ್ದಿಯನ್ನು ರಾಜ್ಯಗಳಿಗೆ ಕಳುಹಿಸುತ್ತ ಬಂದಿದೆ. ಇದು ದೊಡ್ಡ ಉಪಕಾರ. ಆದರೆ ಉಪಗ್ರಹವು ಹೊತ್ತಿದ ಬೆಂಕಿಯನ್ನು ಹೇಳಬಲ್ಲದು, ಹೊತ್ತದಂತೆ ನೋಡಿಕೊಳ್ಳಲಾರದು. ಅದಕ್ಕೆ ಊರೇ ಬೇಕು. ಧಾಮದ ಅಂಚಿನ ಹುಲ್ಲನ್ನು ಒಣಗುವ ಮೊದಲೇ ಕೊಯ್ದು ಒಯ್ಯಲು ಊರವರಿಗೆ ಅನುಮತಿಯಿದ್ದರೆ ಉರುವಲು ಕಡಮೆಯಾಗುತ್ತದೆ, ದನಗಳಿಗೆ ಮೇವೂ ಆಗುತ್ತದೆ. ಬೆಂಕಿ ರೇಖೆಗಳನ್ನು ಶಿವರಾತ್ರಿಯ ಮೇಲೆ ಅವಸರದಲ್ಲಿ ಎಳೆಯುವ ಬದಲು ಇಬ್ಬನಿಯಿರುವಾಗಲೇ, ಇಲಾಖೆಯ ಮೇಲ್ವಿಚಾರಣೆಯಲ್ಲಿ, ನೆಲವನ್ನು ಬಲ್ಲ ಕುರಿಗಾರರ ಕೈಯಿಂದ, ಕೂಲಿ ಕೊಟ್ಟು ಸುಡಿಸಿದರೆ ಕೆಲಸ ಹಗುರವಾಗುತ್ತದೆ. ಹೊಗೆಯ ಸುದ್ದಿ ತಂದವನನ್ನು ಮೊದಲ ಆರೋಪಿಯಂತೆ ಕಾಣದಿದ್ದರೆ ಸುದ್ದಿ ಬೇಗ ಬರುತ್ತದೆ. 2006ರ ಅರಣ್ಯ ಹಕ್ಕು ಕಾಯಿದೆಯಂತೆ 2011ರಲ್ಲಿ ಬಿಳಿಗಿರಿಯ ಸೋಲಿಗರಿಗೆ ಸಮುದಾಯದ ಹಕ್ಕು ದೊರೆತದ್ದು ಈ ನಂಬಿಕೆಯ ಕಡೆಗೆ ಇಟ್ಟ ಒಂದು ಹೆಜ್ಜೆ.

ಇಷ್ಟು ಕೇಳಿದವರಲ್ಲಿ ಯಾರೂ ತಾವೇ ಕಡ್ಡಿ ಗೀರಲು ಹೊರಡಬಾರದೆಂದು ಕೈಮುಗಿದು ಬೇಡುತ್ತೇವೆ. ಕಾಲವನ್ನು ಬಲ್ಲವರ ಕೈಯಲ್ಲಿ ಮಾತ್ರ ಬೆಂಕಿ ಉಪಕರಣ. ಉಳಿದವರ ಕೈಯಲ್ಲಿ ಅದು ಕೇಡೇ. ಈಗ ಬೇಸಗೆ ಕಾಲಿಟ್ಟಿದೆ, ಇಬ್ಬನಿಯ ದಿನಗಳು ಕಳೆದಿವೆ. ಈ ವರ್ಷ ನಾವು ಮಾಡಬಹುದಾದುದು ಎಚ್ಚರವಾಗಿರುವುದೊಂದೇ: ಕೂಳೆ ಸುಡದಿರುವುದು, ಬೀಡಿಯನ್ನು ನೆಲಕ್ಕೆ ಒತ್ತಿ ಆರಿಸುವುದು, ಬಣವೆಗಳನ್ನು ಒಂದಕ್ಕೊಂದು ದೂರ ಒಟ್ಟುವುದು, ಹೊಗೆ ಕಂಡರೆ ಕೂಗಿ ಹೇಳುವುದು. ಮಳೆಗಾಲ ಮುಗಿದು ಮಾರ್ಗಶಿರದಲ್ಲಿ ಮತ್ತೆ ಮಂಜು ಬೀಳತೊಡಗುತ್ತದೆ. ಇಲಾಖೆಯವರೂ ಊರಿನವರೂ ಒಂದು ಬೇವಿನ ಮರದ ಕೆಳಗೆ ಕುಳಿತು ಮುಂದಿನ ವಸಂತದ ಮಾತನ್ನು ಆಡಲು ಆಗ ಸಮಯವಿರುತ್ತದೆ. ಆ ಸಭೆಗೆ ಕುರಿಹಿಂಡಿನ ಮುದುಕರನ್ನೂ ಕರೆಯಲು ಮರೆಯಬಾರದು.